ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ: ಹೋಗಲು 16 ಗಂಟೆ, ಬರಲು 17ಕ್ಕೂ ಜಾಸ್ತಿ ಯಾಕೆ?

ಸುಮಿತ್ರಾ, ಬಸವನಗುಡಿ:
ಮಗಳಿಗೆ ಫೆಬ್ರವರಿಯಲ್ಲಿ ಹೆರಿಗೆ. ಬಾಣಂತನಕ್ಕೆ ಒಬ್ಬಳೇ ಹೊರಟಿದ್ದೇನೆ. ನೇರ ವಿಮಾನವಾದರೆ ಹೋಗಲು ಸುಮಾರು 16 ಗಂಟೆ, ಬರಲು 17ಕ್ಕೂ ಜಾಸ್ತಿ ಅಂತ ಅಳಿಯಂದಿರು ಹೇಳಿದರು. ದೂರ ಒಂದೇ ಅಲ್ವಾ? ಮಧ್ಯಾಹ್ನ 2ಕ್ಕೆ ದೇವನಹಳ್ಳಿಯಿಂದ ಹೊರಟರೆ ಅದೇ ದಿನ ಸಂಜೆ ನಾಲ್ಕೂವರೆಗೆ ಇಳಿಯುತ್ತೀರಿ ಅಂತಲೂ ಅಂದರು. ನನಗೆ ಬಿ.ಪಿ. ಮಾತ್ರೆ ಹೊತ್ತಿಗೆ ಸರಿಯಾಗಿ ಆಗಬೇಕು, ಅದಕ್ಕೇ ಕೇಳುತ್ತಿದ್ದೇನೆ.

ಭೂಗೋಳದ ಮೇಷ್ಟ್ರು, ರಾಜಾಜಿನಗರ:
ಸುಮಿತ್ರಮ್ಮನವರೇ, ಗೋಡೆಯ ಭೂಪಟ ಬಿಡಿ. ಮೊಮ್ಮಕ್ಕಳ ಗ್ಲೋಬ್ ಇದ್ದರೆ ತನ್ನಿ, ಎರಡು ಊರಿನ ನಡುವೆ ಒಂದು ದಾರ ಬಿಗಿಯಾಗಿ ಹಿಡಿಯಿರಿ. ದಾರ ಯೂರೋಪಿನ ಕಡೆ ಹೋಗುವುದೇ ಇಲ್ಲ. ಚೀನಾ, ಸೈಬೀರಿಯಾ ದಾಟಿ ಅಲಾಸ್ಕಾ ಕಡೆಯಿಂದ ಇಳಿಯುತ್ತದೆ. ಅದೇ ಅತಿ ಹತ್ತಿರದ ದಾರಿ, ಸುಮಾರು 14,000 ಕಿ.ಮೀ. ಉತ್ತರ ಧ್ರುವದ ಮೇಲೇ ಹೋದರೂ ಹೆಚ್ಚಾಗುವುದು 400 ಕಿ.ಮೀ. ಆಸುಪಾಸು ಅಷ್ಟೇ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಜೊತೆಯ ಮಹಿಳಾ ಪೈಲಟ್‌ಗಳು ಏರ್ ಇಂಡಿಯಾ ವಿಮಾನವನ್ನು ಹಾಗೇ ಧ್ರುವದ ಮೇಲಿಂದ ನಮ್ಮೂರಿಗೆ ತಂದಿಳಿಸಿದರು. ನನಗೆ ಈಗಲೂ ಅದು ಹೆಮ್ಮೆ.

ಇನ್ನು ಗಂಟೆಯ ವಿಷಯ. ಅದು ಗಾಳಿಯ ಲೆಕ್ಕ. ಹತ್ತು ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತದೆ, ಚಳಿಗಾಲದಲ್ಲಂತೂ ಇನ್ನೂ ಜೋರು. ವಿಮಾನದ ವೇಗ ಗಂಟೆಗೆ 900 ಕಿ.ಮೀ. ಅಂದುಕೊಳ್ಳಿ. ಗಾಳಿ ಹಿಂದಿನಿಂದ 50 ತಳ್ಳಿದರೆ 950, ಎದುರಿಂದ 50 ತಡೆದರೆ 850. ಅಷ್ಟಕ್ಕೇ 14,000 ಕಿ.ಮೀ.ಯಲ್ಲಿ ಒಂದೂಮುಕ್ಕಾಲು ಗಂಟೆ ವ್ಯತ್ಯಾಸ ಬಂತು. ಹೋಗುವಾಗ ಆ ಗಾಳಿ ಹಿಡಿಯಲು ದಾರಿ ಉದ್ದವಾದರೂ ಪರವಾಗಿಲ್ಲ ಅಂತ ಪೆಸಿಫಿಕ್ ಕಡೆ ಬಳಸಿ ಹೋಗುವುದೂ ಉಂಟು.

ಅಳಿಯಂದಿರು ಹೇಳಿದ ಸಮಯ ಸರಿ. ಫೆಬ್ರವರಿಯಲ್ಲಿ ಅಲ್ಲಿನ ಗಡಿಯಾರ ನಮಗಿಂತ 13 ಗಂಟೆ 30 ನಿಮಿಷ ಹಿಂದೆ. ನಮ್ಮ ಮಧ್ಯಾಹ್ನ 2 ಅಂದರೆ ಅಲ್ಲಿ ಅದೇ ತಾರೀಖಿನ ರಾತ್ರಿ ಹನ್ನೆರಡೂವರೆ. 16 ಗಂಟೆ ಕೂಡಿಸಿ. ವಾಪಸ್ ಬರುವಾಗ ಉಲ್ಟಾ: ಶನಿವಾರ ರಾತ್ರಿ 9ಕ್ಕೆ ಹೊರಟರೆ ಇಲ್ಲಿ ಇಳಿಯುವುದು ಸೋಮವಾರ ಬೆಳಗಿನ ಜಾವ. ಕರೆದುಕೊಂಡು ಹೋಗಲು ಬರುವವರಿಗೆ ತಾರೀಖು ಸರಿಯಾಗಿ ಹೇಳಿಡಿ.

ಅನಿತಾ, ಯಲಹಂಕ:
ಆಂಟಿ, ಕೈಗಡಿಯಾರ ಬೆಂಗಳೂರಿನ ಟೈಮಲ್ಲೇ ಇರಲಿ. ನಮ್ಮಮ್ಮ ಹಾಗೇ ಮಾಡಿದ್ದರು. ಅಲ್ಲಿಗೆ ಹೋದ ಮೇಲೆ ಮಾತ್ರೆಯ ಹೊತ್ತು ಹೇಗೆ ಬದಲಾಯಿಸಬೇಕು ಅಂತ ಡಾಕ್ಟರನ್ನು ಈಗಲೇ ಕೇಳಿ ಬರೆಸಿಕೊಳ್ಳಿ. ಮಾತ್ರೆ ಚೀಟಿ ಸಮೇತ ಕೈಚೀಲದಲ್ಲೇ ಇರಲಿ, ದೊಡ್ಡ ಸೂಟ್‌ಕೇಸಿಗೆ ಬೇಡ.

ಸುಮಿತ್ರಾ, ಬಸವನಗುಡಿ:
ಮೇಷ್ಟ್ರೇ, ದಾರ ಹಿಡಿದು ನೋಡಿದೆ, ಅರ್ಥ ಆಯಿತು. ಫ್ರಾಂಕ್‌ಫರ್ಟ್ ಮೇಲೆ ಹೋದರೆ ಟಿಕೆಟ್ ಕಡಿಮೆ ಅಂತ ಮಗ ಅನ್ನುತ್ತಾನೆ. ಹಾಗೆ ಹೋಗಲಾ?

ಭೂಗೋಳದ ಮೇಷ್ಟ್ರು, ರಾಜಾಜಿನಗರ:
ಅದು ಸುಮಾರು 16,500 ಕಿ.ಮೀ. ಆಗುತ್ತದೆ, ಮಧ್ಯೆ ಕಾಯುವುದು ಬೇರೆ. ಒಬ್ಬರೇ ಹೋಗುತ್ತಿದ್ದೀರಿ, ನೇರ ವಿಮಾನ ಸಿಕ್ಕರೆ ಅದನ್ನೇ ಹಿಡಿಯಿರಿ.