ಅಪ್‌ಡೇಟ್: ಕಾಸರಗೋಡಿನಿಂದ ಇಂಗ್ಲಿಷ್ ಲೆಕ್ಚರರ್ ಆಗಲು ಯಾವ ಪರೀಕ್ಷೆ?

ನನ್ನ ತಂಗಿ ಇಂಗ್ಲಿಷ್ ಎಂಎ ಮುಗಿಸಿದ್ದಾಳೆ, ಕಾಲೇಜಿನಲ್ಲಿ ಪಾಠ ಮಾಡಲು ಯಾವ ಪರೀಕ್ಷೆ ಬರೀಬೇಕು ಎಂದು ಕೇಳಿದ್ದೆ, ನೆನಪಿದೆ ಅಲ್ವಾ? ನಾವು ಕುಂಬಳೆಯವರು. ಈಗ ದಾರಿ ಸ್ಪಷ್ಟವಾಗಿದೆ.

‘ಕೇರಳದ ಸೆಟ್ ಬರೆಯಲಿ’ ಎಂದು ಕೆಲವರು ಹೇಳಿದ್ದಿರಿ. ಅದು ಆಗಲಿಲ್ಲ. ಆ ಪರೀಕ್ಷೆ ಹೈಯರ್ ಸೆಕೆಂಡರಿ ಶಾಲೆಯ ಟೀಚರ್ ಕೆಲಸಕ್ಕೆ, ಕಾಲೇಜಿಗಲ್ಲ. ಕರ್ನಾಟಕದ ಕೆಸೆಟ್ ಕಾಲೇಜಿಗೇ ಇರುವುದು, ಆದರೆ ಕರ್ನಾಟಕದೊಳಗೆ ಮಾತ್ರ. ಮಂಗಳೂರಿಗೂ ಕಾಸರಗೋಡಿಗೂ ಅರ್ಜಿ ಹಾಕುವ ನಮ್ಮ ಮಕ್ಕಳಿಗೆ ಇದನ್ನು ಡಿಗ್ರಿಯಲ್ಲೇ ಹೇಳಬೇಕು.

‘ನೆಟ್ ಬರೆಯಲಿ, ಎರಡೂ ಕಡೆ ನಡೆಯುತ್ತದೆ’ ಎಂದ ಅಕ್ಕನಿಗೆ ದೊಡ್ಡ ಥ್ಯಾಂಕ್ಸ್. ಅದೇ ಸರಿ. ನೆಟ್ ಅಂದರೆ ಕಾಲೇಜಿನಲ್ಲಿ ಪಾಠ ಮಾಡಲು ಇಡೀ ದೇಶಕ್ಕೆ ಅನ್ವಯಿಸುವ ಅರ್ಹತಾ ಪರೀಕ್ಷೆ. ಒಟ್ಟು 150 ಪ್ರಶ್ನೆ, 3 ಗಂಟೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಕವಿತೆ, ನಾಟಕ ಅವಳಿಗೆ ಸಲೀಸು. ಲಿಟರರಿ ಥಿಯರಿ ಜಾಸ್ತಿ ಕಷ್ಟ, ಈಗ ಹಳೇ ಪ್ರಶ್ನೆಪತ್ರಿಕೆ ಹಿಡಿದು ಕೂತಿದ್ದಾಳೆ.

ನಮಗೆ ಗೊತ್ತೇ ಇಲ್ಲದ ಸಂಗತಿ ಒಂದಿತ್ತು. 2024ರಿಂದ ನೆಟ್ ಅಂಕ ಪಿಎಚ್‌ಡಿ ಪ್ರವೇಶಕ್ಕೂ ನಡೆಯುತ್ತದೆ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ವಿಭಾಗ ಇದೆ, ಅಲ್ಲೇ ಸಂಶೋಧನೆ ಮಾಡುವ ಆಸೆ ಅವಳಿಗೆ.

ಅಷ್ಟರವರೆಗೆ ಸುಮ್ನೆ ಕೂರುವುದು ಬೇಡವೆಂದು ಗೆಸ್ಟ್ ಲೆಕ್ಚರರ್ ಸಂದರ್ಶನಕ್ಕೆ ಹೋದಳು. ನೆಟ್ ಆದವರು ಸಿಗದಿದ್ದರೆ ಎಂಎಯಲ್ಲಿ 55% ಇರುವವರನ್ನು ತೆಗೆದುಕೊಳ್ಳುತ್ತಾರೆ. ಸಾನೆಟ್ ಎಂಬ ಕವಿತೆಯ 14 ಸಾಲು ಹೇಗೆ ಪ್ರಾಸ ಕಟ್ಟುತ್ತವೆ ಎಂದು ಬೋರ್ಡಿನಲ್ಲಿ ಬರೆದು ವಿವರಿಸಲು ಹೇಳಿದರಂತೆ. ಚಾಕ್ ಹಿಡಿದು ವಿವರಿಸಿದಳು. ಕೆಲಸ ಸಿಕ್ಕಿತು, ಸೋಮವಾರದಿಂದ ಕ್ಲಾಸು.