ಟ್ರಮಡಾಲ್ ತಪ್ಪಿದರೆ ಭೇದಿ, ನಿದ್ದೆಯಿಲ್ಲ: ಇದು ಚಟವಾ?

ಹೊಸಬ:
ಮನೆಯ ಹಿರಿಯರೊಬ್ಬರಿಗೆ ಬೆನ್ನುನೋವಿಗೆ ಟ್ರಮಡಾಲ್ 50 ಮಿ.ಗ್ರಾಂ. ಮಾತ್ರೆ ದಿನಕ್ಕೆ ನಾಲ್ಕರಂತೆ ಐದು ತಿಂಗಳಿಂದ ನಡೆದಿದೆ. ಒಂದು ದಿನ ತಪ್ಪಿದರೆ ಮೂಗು ಸೋರುತ್ತೆ, ಆಕಳಿಕೆ ಮೇಲೆ ಆಕಳಿಕೆ, ಭೇದಿ, ರಾತ್ರಿಯಿಡೀ ಕಾಲಿಗೆ ನೆಮ್ಮದಿಯಿಲ್ಲ. ಇದು ಚಟವಾ? ಒಂದೇ ಸಲ ನಿಲ್ಲಿಸಬಹುದಾ?

ಮಾತ್ರೆಡಬ್ಬಿ:
ಇದು ವಿತ್‌ಡ್ರಾವಲ್, ಅಂದರೆ ಔಷಧಿ ತಪ್ಪಿದಾಗ ಕಾಣಿಸಿಕೊಳ್ಳುವ ತೊಂದರೆ. ದೇಹ ಔಷಧಿಗೆ ಒಗ್ಗಿಕೊಂಡಿದೆ ಅಂತಷ್ಟೇ ಅರ್ಥ. ಚಟ ಬೇರೆ: ನೋವಿಲ್ಲದಿದ್ದರೂ ಬೇಕೆನಿಸುವುದು, ಹೇಳಿದ್ದಕ್ಕಿಂತ ಹೆಚ್ಚು ನುಂಗುವುದು, ಚೀಟಿಗಾಗಿ ವೈದ್ಯರನ್ನು ಬದಲಿಸುತ್ತಾ ಹೋಗುವುದು, ಹಾನಿ ಕಣ್ಣಿಗೆ ಕಂಡರೂ ಬಿಡಲಾಗದಿರುವುದು.

ಒಂದೇ ಸಲ ನಿಲ್ಲಿಸಬೇಡಿ. ಟ್ರಮಡಾಲ್ ಬರೀ ಓಪಿಯಾಯ್ಡ್ (ಅಫೀಮಿನಂತೆ ಕೆಲಸ ಮಾಡುವ ನೋವಿನ ಔಷಧಿ) ಅಲ್ಲ, ಸೆರೊಟೋನಿನ್ ಎಂಬ ಮೆದುಳಿನ ರಾಸಾಯನಿಕದ ಮೇಲೂ ಕೆಲಸ ಮಾಡುತ್ತೆ. ಹಾಗಾಗಿ ಭೇದಿಯ ಜೊತೆ ವಿಪರೀತ ಗಾಬರಿ, ಕೆಲವರಿಗೆ ಭ್ರಮೆಯೂ ಬರಬಹುದು. ಕೆಲವು ತಿಂಗಳು ತಗೊಂಡವರಿಗೆ ವಾರಕ್ಕೆ ಸುಮಾರು ಶೇ. 10 ಇಳಿಸುವುದು ವಾಡಿಕೆ; ವರ್ಷ ದಾಟಿದ್ದರೆ ತಿಂಗಳಿಗೆ ಶೇ. 10. ಎಡವುವುದು ಕೊನೆಯಲ್ಲಿ. 200ರಿಂದ 175ಕ್ಕೆ ಇಳಿದರೆ ಎಂಟನೇ ಒಂದು ಭಾಗ ಕಡಿಮೆ, ಅಷ್ಟೇ. ಅದೇ 25 ಮಿ.ಗ್ರಾಂ.ಅನ್ನು 50ರಿಂದ ಕಳೆದರೆ ಅರ್ಧಕ್ಕರ್ಧ ಹೋಯಿತು! ಅಲ್ಲಿ ಎರಡು ವಾರ ಹೆಚ್ಚು ತಗೊಂಡರೂ ನಷ್ಟವಿಲ್ಲ. ನಡುವೆ ಗೆರೆಯಿರುವ ಸಾದಾ ಮಾತ್ರೆಯನ್ನು ಅರ್ಧ ಮಾಡಬಹುದು. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ಮುರಿದರೆ ಇಡೀ ದಿನದ ಔಷಧಿ ಒಟ್ಟಿಗೇ ರಕ್ತಕ್ಕೆ ಸೇರುತ್ತೆ. ಲೆಕ್ಕ ವೈದ್ಯರೇ ಹಾಕಲಿ. ಖಿನ್ನತೆಯ ಮಾತ್ರೆ ನಡೆದಿದ್ದರೆ, ಹಿಂದೆ ಫಿಟ್ಸ್ ಬಂದಿದ್ದರೆ ಮೊದಲೇ ಹೇಳಿ.

ಹೊಸಬ:
ನಿದ್ದೆಗೆ ಮನೆಯಲ್ಲಿರೋ ಆಲ್ಪ್ರಜೋಲಾಮ್ ಅರ್ಧ ಕೊಡಲಾ?

ರಾತ್ರಿಪಾಳಿ:
ಬೇಡವೇ ಬೇಡ. ಎರಡೂ ಉಸಿರಾಟವನ್ನು ಕುಗ್ಗಿಸುತ್ತವೆ; ಮದ್ಯವೂ ಹಾಗೇ. ಎಷ್ಟು ಅಲುಗಿಸಿದರೂ ಏಳದಿರುವುದು, ನಿಮಿಷಕ್ಕೆ ಹತ್ತು ಉಸಿರೂ ಇಲ್ಲದಿರುವುದು, ಗೊರಗೊರ ಸದ್ದು, ತುಟಿ ನೀಲಿಯಾಗುವುದು, ಕಣ್ಣಪಾಪೆ ಸೂಜಿಮೊನೆಯಷ್ಟಾಗುವುದು ಓವರ್‌ಡೋಸ್ ಗುರುತು. ಆಂಬುಲೆನ್ಸ್ ಕರೆಯಿರಿ. ಓಪಿಯಾಯ್ಡ್ ಪ್ರಭಾವ ಇಳಿಸುವ ನ್ಯಾಲೊಕ್ಸೋನ್ ಮೂಗಿನ ಸ್ಪ್ರೇ ಇದ್ದರೆ ಒಂದು ಹೊಳ್ಳೆಗೆ ಹೊಡೆಯಿರಿ, 2–3 ನಿಮಿಷದಲ್ಲಿ ಏಳದಿದ್ದರೆ ಇನ್ನೊಂದು ಹೊಳ್ಳೆಗೆ. ಉಸಿರು ಮರಳಿದ ಮೇಲೆ ಮಗ್ಗುಲಾಗಿ ಮಲಗಿಸಿ. ಎದ್ದು ಕೂತರೆಂದು ಬಿಟ್ಟುಹೋಗಬೇಡಿ: ಸ್ಪ್ರೇಯ ಪ್ರಭಾವ 30ರಿಂದ 90 ನಿಮಿಷ ಮಾತ್ರ, ಮತ್ತೆ ಉಸಿರು ನಿಲ್ಲಬಹುದು.

ನಾಲಿಗೆಯಡಿ:
ನಿಜಕ್ಕೂ ಚಟವೇ ಆಗಿದ್ದರೆ ಇಳಿಸುವುದಷ್ಟೇ ಸಾಲದು. ಬ್ಯುಪ್ರಿನಾರ್ಫಿನ್ ಅಥವಾ ಮೆಥಡೋನ್ (ಇವೂ ಓಪಿಯಾಯ್ಡ್‌ಗಳೇ) ತಿಂಗಳುಗಟ್ಟಲೆ, ಬೇಕಾದರೆ ವರ್ಷಗಟ್ಟಲೆ ಕೊಡುತ್ತಾರೆ. "ಒಂದು ಚಟ ಬಿಡಿಸಿ ಇನ್ನೊಂದು ಹತ್ತಿಸೋದು" ಅನ್ನುವ ಮಾತಿಗೆ ಕಿವಿಗೊಡಬೇಡಿ, ಸಾವು ತಪ್ಪಿಸುವ ಚಿಕಿತ್ಸೆಯಿದು. ಬ್ಯುಪ್ರಿನಾರ್ಫಿನ್‌ಗೆ ಹೊತ್ತು ಮುಖ್ಯ: ಪ್ರಭಾವ ಬೇಗ ಇಳಿಯುವ ಓಪಿಯಾಯ್ಡ್ ನಿಲ್ಲಿಸಿ 12–24 ಗಂಟೆಯಾಗಿ, ವಿತ್‌ಡ್ರಾವಲ್ ಚೆನ್ನಾಗಿ ಕಾಣಿಸಿಕೊಂಡ ಮೇಲೆ ಶುರು. ಅವಸರಪಟ್ಟರೆ ಅದು ಹಳೆಯ ಔಷಧಿಯನ್ನು ಜಾಗದಿಂದ ತಳ್ಳಿ ನರಳಿಸುತ್ತೆ. ನಾಲಿಗೆಯ ಕೆಳಗೇ ಕರಗಬೇಕು. ನುಂಗಿದರೆ ಹೆಚ್ಚಿನ ಪಾಲು ಯಕೃತ್ತಿನಲ್ಲೇ ಹಾಳು. ಓಪಿಯಾಯ್ಡ್ ಕೆಲಸ ತಡೆಯುವ ನಾಲ್ಟ್ರೆಕ್ಸೋನ್ ಶುರು ಮಾಡಲು 7–10 ದಿನ ಓಪಿಯಾಯ್ಡ್ ಮುಟ್ಟಿರಬಾರದು. ಯಾವ ದಾರಿಯಲ್ಲಿ ಬಿಟ್ಟರೂ ಉಳಿದ ಹಳೆ ಮಾತ್ರೆ ಪಟ್ಟಿಗಳನ್ನು ಮನೆಯಿಂದ ಆಚೆ ಕಳಿಸಿ: ಒಗ್ಗಿದ ಶಕ್ತಿ ಹೋದ ದೇಹಕ್ಕೆ ಹಿಂದಿನ ಡೋಸೇ ಸಾಯಿಸುವಷ್ಟಾಗುತ್ತೆ.