ಮಂಡ್ಯ ಸೀಮೆಯ ನಾಲೆ ಏರಿಗೆ ಎಂಥ ಟೈರು?

ಪ್ರಶ್ನೆ: ಕೆಆರ್‌ಎಸ್ ಕಡೆಯಿಂದ ವಿಶ್ವೇಶ್ವರಯ್ಯ ನಾಲೆಯ ಏರಿ ಹಿಡಿದು ಸೈಕಲ್ ತುಳಿಯಬೇಕು. ಹೆದ್ದಾರಿ ಬೇಡವೇ ಬೇಡ. 32 ಮಿ.ಮೀ. ಟೈರು ಸಾಕಾ?

ಉತ್ತರ 1: ಡಾಂಬರಿಗಾದ್ರೆ ಸಾಕು ಗುರು, ಜಲ್ಲಿ-ಮಣ್ಣಿಗೆ 40 ಹಾಕಿ. 70 ಕೆ.ಜಿ. ತೂಕದವರಿಗೆ ಟ್ಯೂಬ್‌ಲೆಸ್‌ನಲ್ಲಿ ಗಾಳಿ ಒತ್ತಡ ಮುಂದೆ 32, ಹಿಂದೆ 35 ಪಿಎಸ್‌ಐ. ಅಸಲಿ ಕಾಟ ಜಾಲಿ ಮುಳ್ಳಿಂದು. ಚಕ್ರಕ್ಕೆ 60 ಮಿ.ಲೀ. ಸೀಲಂಟ್ (ಟೈರಿನೊಳಗಿದ್ದು ತೂತು ಮುಚ್ಚೋ ದ್ರವ) ಇರಲಿ. ಚುಚ್ಚಿದರೆ ಮುಳ್ಳು ಕಿತ್ತು, ತೂತು ನೆಲದ ಕಡೆ ಬರುವಂತೆ ಚಕ್ರ ತಿರುಗಿಸಿ ನಿಲ್ಲಿಸಿ. ಸೀಲಂಟ್ ಜಿನುಗೋದು ನಿಂತ ಮೇಲೆ ಗಾಳಿ ಹೊಡೆಯಿರಿ.

ಉತ್ತರ 2: ನೀರು ತಾನಾಗೇ ಹರೀಬೇಕಲ್ಲ, ಅದಕ್ಕೇ ಏರಿ ಹೆಚ್ಚುಕಮ್ಮಿ ಮಟ್ಟವಾಗಿದೆ. ಆದರೆ ಹುಲಿಕೆರೆ ಹತ್ತಿರ ನಾಲೆ ಸುರಂಗಕ್ಕೆ ನುಗ್ಗುತ್ತೆ, ಅಲ್ಲಿ ಊರ ರಸ್ತೆಗೆ ಇಳೀಬೇಕು. ತಡೆಗೋಡೆ ಇಲ್ಲದ ಕಡೆ ನೀರಿನಿಂದ ದೂರ ಇರಿ. ನಾಲೆ ತುಂಬಿದ್ದಾಗ ಸೆಳೆತ ಜೋರು. ಕಲ್ಲು ಕಟ್ಟಿದ ಇಳಿಜಾರಲ್ಲಿ ಪಾಚಿ, ಜಾರಿದರೆ ಹತ್ತಿ ಬರಕ್ಕಾಗಲ್ಲ.

ಉತ್ತರ 3: ಮಳೆ ಬಿದ್ದ ಮಾರನೇ ದಿನ ಹೋಗಬೇಡಿ ಸರ್. ಜೇಡಿ ಮಣ್ಣು ಫೋರ್ಕಿಗೂ (ಚಕ್ರ ಹಿಡಿದಿರೋ ಕವಲು) ಟೈರಿಗೂ ನಡುವೆ ಮೆತ್ತಿಕೊಂಡು ಚಕ್ರವೇ ತಿರುಗಲ್ಲ. ಟೈರಿನ ಎರಡೂ ಪಕ್ಕ 6 ಮಿ.ಮೀ. ಜಾಗ ಇದೆಯಾ ಅಳೆದು ನೋಡಿ. ಕಬ್ಬು ಕಡಿಯೋ ಕಾಲದಲ್ಲಿ ಟ್ರ್ಯಾಕ್ಟರ್‌ಗಳೂ ಅದೇ ಏರಿ ಮೇಲೆ. ಬೆಳಿಗ್ಗೆ 6ಕ್ಕೇ ಹೊರಡಿ.